ಸಂಕ ದಾಟದ ಕೂರಿಗೆ

ಉಳುಮೆರಹಿತ ಬಿತ್ತನೆ ಯಂತ್ರಗಳನ್ನು ಮಲೆನಾಡಿಗೂ ಶಿಫಾರಸು ಮಾಡುವ ಯೋಜನಾ ತಜ್ಞರ ಸನ್ನಿಧಾನಕ್ಕೆ, ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸಾಗುವಳಿದಾರರ ಬಹಿರಂಗ ಪತ್ರ.

ಮಾನ್ಯರೇ,

ನೆಲವನ್ನು ಉಳದೆ, ಹಿಂದಿನ ಬೆಳೆಯ ಕೂಳೆಯ ನಡುವೆಯೇ ಸಣ್ಣ ಸೀಳು ತೆಗೆದು ಬೀಜ, ಗೊಬ್ಬರಗಳನ್ನು ಒಟ್ಟಿಗೆ ಇಳಿಸುವ ಪದ್ಧತಿಗೆ ಶೂನ್ಯ ಉಳುಮೆ ಎಂದು ಹೆಸರು. ಪಂಜಾಬಿನಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಬಿಡುವು ಕಡಿಮೆಯಾದ್ದರಿಂದ, ಹುಲ್ಲನ್ನು ಸುಡದೆ ಕತ್ತರಿಸಿ, ಬಿತ್ತಿದ ಸಾಲಿಗೇ ಹೊದಿಸುವ ಹ್ಯಾಪಿ ಸೀಡರ್ ಅಲ್ಲಿಗೆ ತಕ್ಕ ಯಂತ್ರವೆಂಬುದರಲ್ಲಿ ತಕರಾರಿಲ್ಲ. ಆದರೆ 9 ಅಥವಾ 11 ತಾಳಿನ, ಅಂದರೆ ಮಣ್ಣು ಸೀಳುವ ಅಷ್ಟು ಕಾಲುಗಳ ಕೂರಿಗೆಯನ್ನು 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಕಟ್ಟಿ ತೋಟದಾಚೆಯ ಗದ್ದೆಗೆ ಒಯ್ಯಿರೆನ್ನುವ ಕರಪತ್ರದಲ್ಲಿ ಸಂಕದ ಉಲ್ಲೇಖವಿಲ್ಲ. ಸಂಕವೆಂದರೆ ಹಳ್ಳಕ್ಕೆ ಅಡ್ಡಲಾಗಿ ಜೋಡಿಸಿದ ಎರಡು ಮೂರು ಅಡಿಕೆ ಮರ. ಮಳೆಗಾಲದಲ್ಲಿ ಅದರ ಹಾವಸೆಗೆ ಹೆದರಿ ಮನುಷ್ಯನೇ ಬೆರಳೂರಿ ದಾಟುತ್ತಾನೆ.

ಉಳದೆ ಬೆಳೆಯುವ ವಿದ್ಯೆಯನ್ನು ಈ ಸೀಮೆಗೆ ಕಲಿಸಲು ಹೊರಟಿರುವುದೂ ಸೋಜಿಗವೇ. ಅಡಿಕೆ ತೋಟಕ್ಕೆ ನೇಗಿಲು ಇಳಿಯುವುದಿಲ್ಲ. ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದಿದ್ದು, ಆ ಕಾಡಿನ ಸೊಪ್ಪು, ಒಣಗಿ ಉದುರಿದ ದರಕುಗಳೇ ಮರದ ಬುಡಕ್ಕೆ ಹೊದಿಕೆಯಾಗಿ ಕೊಳೆತು ಮಣ್ಣಾಗುತ್ತವೆ. ಇದಕ್ಕೊಂದು ಇಂಗ್ಲಿಷ್ ಹೆಸರಿಲ್ಲದಿರುವುದೇ ದೊಡ್ಡ ಕೊರತೆಯಿರಬೇಕು.

ಯಂತ್ರಕ್ಕೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ಬನವಾಸಿ ಕಡೆಯ ಬಯಲು ಗದ್ದೆಗಳಿಗೆ ಕೂರಿಗೆ ಹೊಸತಲ್ಲ. ಭತ್ತ ಕೊಯ್ದ ಮೇಲೆ ಉಳಿದ ಹದದಲ್ಲಿ ಉದ್ದು, ಹೆಸರು ಬಿತ್ತುವುದಾದರೆ ಉಳದಿರುವುದೇ ಲೇಸು, ಏಕೆಂದರೆ ಮಗುಚಿದ ಮಣ್ಣಿನ ತೇವ ಬೇಗ ಹಾರುತ್ತದೆ. ಆ ಹದ ನಿಲ್ಲುವುದು ಕೆಲವೇ ದಿನ. ಅಷ್ಟರೊಳಗೆ ಬಾಡಿಗೆ ಯಂತ್ರಕ್ಕೆ ಹೆಸರು ಬರೆಸಲು ಹೋದ ರೈತನಿಗೆ ಒಂದು ದಿನ ಪಹಣಿ ಅಜ್ಜನ ಹೆಸರಿನಲ್ಲಿದೆ, ಮರುದಿನ ಸರ್ವರ್ ಇಲ್ಲ, ಮೂರನೆಯ ದಿನ ಚಾಲಕನಿಲ್ಲ ಎಂದು ಹೇಳಿ ಕಳಿಸಿದರೆ, ಯಂತ್ರ ಬರುವ ಹೊತ್ತಿಗೆ ಗದ್ದೆ ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟಿರುತ್ತದೆ. ಬೀಜ ಯಾರ ಬಾಯಿಗೆ ಹಾಕಬೇಕು? ಸತ್ತ ಅಜ್ಜನೇ ಬಂದು ಸಹಿ ಹಾಕಬೇಕೆ? ಬಂದರೆ ಅವನು ಟ್ರ್ಯಾಕ್ಟರಿಗಿಂತ ಮೊದಲೇ ಬಂದಾನು. ಅವನಿಗೆ ಸಂಕ ದಾಟಿ ಅಭ್ಯಾಸವಿದೆ.

ಆದ್ದರಿಂದ ಒಬ್ಬನೇ ತಳ್ಳಬಹುದಾದ, ಹೆಗಲ ಮೇಲೆ ಹೊತ್ತು ದಾಟಿಸಬಹುದಾದ ಒಂದೆರಡು ತಾಳಿನ ಬಿತ್ತನೆ ಸಾಧನಗಳನ್ನು ಭತ್ತದ ಕೊಯ್ಲಿಗೆ ಮೊದಲೇ ಊರಿಗೆ ತಲುಪಿಸಬೇಕೆಂದು ಕೋರಿಕೆ. ಅದಾಗದಿದ್ದಲ್ಲಿ ಮುಂದಿನ ಪ್ರಾತ್ಯಕ್ಷಿಕೆಗೆ ತಜ್ಞರು ಆ 11 ತಾಳಿನ ಕೂರಿಗೆಯೊಂದಿಗೆ ಖುದ್ದಾಗಿ ಬರಲಿ. ಸಂಕ ಎಲ್ಲಿದೆಯೆಂದು ತೋರಿಸಲು ಜನರಿದ್ದಾರೆ.

ಇಂತಿ,
ಹಳ್ಳದಾಚೆಯ ಗದ್ದೆಯವರು