ಅದೇ ವಿಳಾಸ

ಪ್ರತಿ ಮನೆಗೂ ಆ ಮನೆಯಲ್ಲಿ ವಾಸವಿಲ್ಲದ ಒಬ್ಬ ಸದಸ್ಯ ಇರುತ್ತಾನೆ. ಪಡಿತರ ಚೀಟಿಯಲ್ಲಿ ಅವನ ಹೆಸರಿಲ್ಲ, ಪಂಕ್ತಿಯಲ್ಲಿ ಅವನ ಎಲೆಯಿಲ್ಲ, ಕರೆಂಟ್ ಬಿಲ್ಲಿನಲ್ಲಿ ಅವನ ಪಾಲಿಲ್ಲ. ಆದರೆ ಬೀದಿಗೆ ಬರುವ ಪೋಸ್ಟ್‌ಮ್ಯಾನ್‌ನನ್ನು ಕೇಳಿನೋಡಿ, ಆ ಮನೆಯ ಯಜಮಾನ ಅವನೇ ಎನ್ನುತ್ತಾನೆ. ಬ್ಯಾಂಕಿನ ಪತ್ರ, ಷೇರು ಕಂಪನಿಯ ವಾರ್ಷಿಕ ವರದಿ, ಹಳೆ ವಿದ್ಯಾರ್ಥಿಗಳ ಸಂಘದ ಕರೆಯೋಲೆ, ಎಲ್ಲಕ್ಕಿಂತ ಹೆಚ್ಚಾಗಿ ವಿಮೆಯ ಲಕೋಟೆಗಳು ಅವನ ಹೆಸರಿಗೇ ಬಂದು ಬೀಳುತ್ತವೆ. ಕೆಲವರ ಮನೆಯಲ್ಲಿ ಇವನು ಎಂದೋ ಖಾಲಿ ಮಾಡಿ ಹೋದ ಬಾಡಿಗೆದಾರ. ಕೆಲವರಲ್ಲಿ ಪಿ.ಜಿ.ಯಿಂದ ಪಿ.ಜಿ.ಗೆ ಅಲೆಯುವ ಸಾಫ್ಟ್‌ವೇರ್ ಹುಡುಗ. ಇನ್ನು ಕೆಲವರಲ್ಲಿ, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡರೂ ಪಾಲಿಸಿಯಲ್ಲಿ ಇನ್ನೂ ತವರು ಬಿಡದ ಮಗಳು. ನಮ್ಮ ಮನೆಯಲ್ಲಿ ಭಾವ.

ಅಕ್ಕನ ಗಂಡ. ಬ್ಯಾಂಕಿನಲ್ಲಿದ್ದವರು. ಸಿಂದಗಿ, ಬ್ಯಾಡಗಿ, ಕುಂದಾಪುರ, ಚಿಂತಾಮಣಿ ಎಂದು ರಾಜ್ಯದ ನಾಲ್ಕು ದಿಕ್ಕಿಗೂ ವರ್ಗವಾಗಿ, ನಿವೃತ್ತಿಯಾದ ಮೇಲೆ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಒಂದು ಫ್ಲ್ಯಾಟ್ ಕೊಂಡು ನೆಲೆನಿಂತಿದ್ದಾರೆ. ನಮ್ಮ ಮನೆ ಇರುವುದು ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ಒಂದು ಸೊನ್ನೆಯಷ್ಟು ವ್ಯತ್ಯಾಸ. ಆ ಸೊನ್ನೆ ಮುಂದೆ ಏನೇನು ಮಾಡಿತು ಎಂಬುದನ್ನು ಹೇಳುತ್ತೇನೆ.

ಭಾವನಿಗೆ ವಿಮೆಯ ಮೇಲೆ ಇರುವುದು ಬರೀ ನಂಬಿಕೆಯಲ್ಲ, ಬಂಧುತ್ವ. ಜೀವ ವಿಮಾ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. ಭಾವ ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ತಾವಿಬ್ಬರೂ ಓರಗೆಯವರೆಂಬ ಅಭಿಮಾನ. ಇದರ ಜೊತೆಗೆ ಯಾವ ಏಜೆಂಟನಿಗೂ ಇಲ್ಲವೆನ್ನಲಾಗದ ದಾಕ್ಷಿಣ್ಯ ಬೇರೆ. ಮಾರ್ಚ್ ತಿಂಗಳು ಬಂತೆಂದರೆ ಸಹೋದ್ಯೋಗಿಯ ಮಗ, ಪುರೋಹಿತರ ಅಳಿಯ, ಮನೆಗೆ ಹಾಲು ಹಾಕುವವನ ತಮ್ಮ, ಹೀಗೆ ಒಬ್ಬೊಬ್ಬರೂ ತೆರಿಗೆ ಉಳಿಸಿಕೊಡಲು ಬರುತ್ತಾರೆ. ಭಾವನ ತೆರಿಗೆ ಉಳಿಸಬಹುದಾದ ಮಿತಿ ಎಂದೋ ದಾಟಿರುತ್ತದೆ. ಆದರೂ "ಪಾಪ, ಬಿಸಿಲಲ್ಲಿ ಬಂದಿದಾನೆ ಕಣೇ" ಎಂದು ಅಕ್ಕನಿಗೆ ಸಮಾಧಾನ ಹೇಳಿ ಒಂದು ಅರ್ಜಿ ತುಂಬುತ್ತಾರೆ. ಮದುವೆಮನೆಯ ರಂಗೋಲಿಯ ಹಾಗೆ ಗುಂಡಗಿನ ಅಕ್ಷರ. ಹೆಸರು, ಜನ್ಮದಿನಾಂಕ, ನಾಮಿನಿ ಎಲ್ಲವನ್ನೂ ಚಿತ್ತು ಕಾಟಿಲ್ಲದೆ ಬರೆದು, ವಿಳಾಸದ ಜಾಗಕ್ಕೆ ಬಂದಾಗ ಮಾತ್ರ ಕಣ್ಣುಮುಚ್ಚಿ ನಮ್ಮ ಮನೆಯ ವಿಳಾಸ ಬರೆಯುತ್ತಾರೆ. ಫೋನಿನಲ್ಲಿ ಯಾರಾದರೂ "ಅಡ್ರೆಸ್ ಅದೇನಾ ಸಾರ್?" ಎಂದು ಕೇಳಿದರೆ, ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಬಂದಿರುತ್ತದೆ: "ಅದೇ, ಅದೇ."

ಇದರಿಂದ ನನಗೆ ಲಾಭವಾಗಿಲ್ಲ ಎಂದರೆ ಸುಳ್ಳಾದೀತು. ವಿಮೆಯ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಭಾವನ ಲಕೋಟೆಗಳಿಂದ ಬಂದದ್ದು. ವಾರ್ಷಿಕ ಕಂತಾದರೆ ಗಡುವು ಮುಗಿದ ಮೇಲೂ 30 ದಿನ ಅವಕಾಶ, ತಿಂಗಳ ಕಂತಾದರೆ 15 ದಿನ. ಪಾಲಿಸಿ ಒಪ್ಪಿಗೆಯಾಗದಿದ್ದರೆ ಕೈಗೆ ಬಂದ ದಿನದಿಂದ 30 ದಿನದೊಳಗೆ ವಾಪಸು ಮಾಡಬಹುದು. ಆದರೆ ಬಾಂಡು ಕೈಗೆ ಬಂದಿದ್ದು ನನಗೆ, ಒಪ್ಪಬೇಕಾದವರು ಅವರು. ಅವರು ಮೈಸೂರಿಗೆ ಬರುವುದು ದಸರೆಗೆ. ಹಾಗಾಗಿ ಭಾವ ಇದುವರೆಗೆ ಯಾವ ಪಾಲಿಸಿಯನ್ನೂ ವಾಪಸು ಮಾಡಿದ್ದಿಲ್ಲ. ಅವರ ರಕ್ತದ ಸಕ್ಕರೆ ಎಷ್ಟು, ಆಯುಸ್ಸಿಗೆ ಕಂಪನಿ ಕಟ್ಟಿದ ಬೆಲೆ ಎಷ್ಟು ಎಂಬುದು ಅಕ್ಕನಿಗಿಂತ ಮೊದಲು ನನಗೆ ಗೊತ್ತು. ಕೊರಿಯರ್ ಹುಡುಗರು ನನ್ನನ್ನು ಭಾವನ ಹೆಸರಿನಿಂದಲೇ ಕರೆಯುತ್ತಾರೆ. ನಾನೂ ಓಗೊಡುತ್ತೇನೆ. ನನ್ನ ಹೆಸರಿಗೆ ಬರುವುದು ನೀರಿನ ಬಿಲ್ಲೊಂದೇ.

ಇಷ್ಟರಲ್ಲೇ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಭಾವ ಮನೆಗೂ ವಿಮೆ ಮಾಡಿಸಿದರು.

ಭಾರತ್ ಗೃಹ ರಕ್ಷಾ ಎಂಬ ಪಾಲಿಸಿಯೊಂದಿದೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮೆಯ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕೆಂದು ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದೆ. ಬೆಂಕಿ, ಬಿರುಗಾಳಿ, ನೆರೆ, ನೀರಿನ ಟ್ಯಾಂಕು ಒಡೆಯುವುದು, ಪೈಪು ಸಿಡಿಯುವುದು ಎಲ್ಲಕ್ಕೂ ರಕ್ಷಣೆ. ಮನೆಯ ಸಾಮಾನಿಗೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, 10 ಲಕ್ಷ ಮೀರದಂತೆ, ತಾನಾಗಿ ಸೇರಿಕೊಳ್ಳುತ್ತದೆ. ಒಳ್ಳೆಯ ಪಾಲಿಸಿ. ಭಾವ ಮಾಡಿಸಿದ್ದೂ ಒಳ್ಳೆಯದೇ. ಒಂದು ಮಳೆಗಾಲದಲ್ಲಿ ಅವರ ಮೇಲಿನ ಫ್ಲ್ಯಾಟಿನ ಪೈಪು ಸಿಡಿದು ಭಾವನ ಹಾಲು, ಮಲಗುವ ಕೋಣೆ, ಅಕ್ಕನ ಬೀರು ಎಲ್ಲಕ್ಕೂ ನೀರು ನುಗ್ಗಿತು. ಭಾವ ಗಾಬರಿಯಾಗಲಿಲ್ಲ. ಕಂಪನಿಗೆ ಫೋನು ಮಾಡಿದರು. ಮರುದಿನ ಸರ್ವೇಯರ್ ಫೋನು ಮಾಡಿದ.

"ವಿದ್ಯಾರಣ್ಯಪುರಂ ತಾನೇ ಸಾರ್? ಪಾಲಿಸಿಯಲ್ಲಿರೋ ಅಡ್ರೆಸ್ಸೇ?"

"ಅದೇ, ಅದೇ. ಬನ್ನಿ, ಮನೇಲೇ ಇರ್ತೀನಿ."

ಸರ್ವೇಯರ್ ಬಂದ. ನಮ್ಮ ಮನೆಗೆ.

ಬಾಗಿಲು ತೆಗೆದಿದ್ದು ಅಮ್ಮ. ಕೈಯಲ್ಲಿ ಟೇಪು, ಕೊರಳಲ್ಲಿ ಗುರುತಿನ ಚೀಟಿ ನೋಡಿ, ನಗರಪಾಲಿಕೆಯವರಿರಬೇಕು ಎಂದುಕೊಂಡರು. "ನೀರಿಂದ ಎಲ್ಲಿ ಹಾಳಾಗಿದೆ ಅಮ್ಮಾ?" ಎಂದು ಆತ ಕೇಳಿದ್ದೇ ತಡ, ಅಮ್ಮನಿಗೆ ದೇವರೇ ಬಂದಷ್ಟು ಸಂತೋಷವಾಯಿತು. ನಮ್ಮ ಅಡುಗೆಮನೆಯ ಗೋಡೆ ಬಚ್ಚಲಿನ ಕಡೆಯಿಂದ ತೇವ ಹೀರಿ ಸುಣ್ಣ ಉದುರಿಸಲು ಶುರುಮಾಡಿ ಬಹಳ ಕಾಲವಾಗಿತ್ತು. ಅದನ್ನು ಸರಿಮಾಡಿಸು ಎಂದು ಅಮ್ಮ ನನಗೆ ಹೇಳಲು ಶುರುಮಾಡಿಯೂ ಅಷ್ಟೇ ಕಾಲವಾಗಿತ್ತು. ಕೇಳುವವರೊಬ್ಬರು ಕೊನೆಗೂ ಸಿಕ್ಕರು. ಅಡುಗೆಮನೆ ತೋರಿಸಿದರು, ದೇವರಮನೆಯ ಸೂರು ತೋರಿಸಿದರು, ಅಟ್ಟದ ಮೇಲೆ ಮಳೆನೀರಿಗೆ ಇಟ್ಟಿದ್ದ ಕೊಳಗ ತೋರಿಸಿದರು. ನಡುವೆ ಕಾಫಿ ಕೊಟ್ಟರು. ನಾನು ತರಕಾರಿ ಚೀಲ ಹಿಡಿದು ಒಳಗೆ ಬಂದಾಗ ಆತ ಗೋಡೆಯ ಫೋಟೋ ಹಿಡಿಯುತ್ತಿದ್ದ. ಅಮ್ಮ ಪಕ್ಕದಲ್ಲಿ ನಿಂತು, "ಆ ಮೂಲೆದೂ ತಗೊಳ್ಳಪ್ಪಾ" ಎನ್ನುತ್ತಿದ್ದರು.

"ಇದು ಹಳೇ ತೇವ ಸಾರ್. ಪೈಪು ಸಿಡಿದಿರೋ ಗುರುತೇ ಇಲ್ಲ. ಇದಕ್ಕೆ ಕ್ಲೇಮ್ ಬರಲ್ಲ" ಎಂದ ನನಗೆ.

"ಯಾವ ಕ್ಲೇಮು?"

ಆತ ಕಡತ ತೆಗೆದು ಹೆಸರು ಓದಿದ. ಭಾವನ ಹೆಸರು. ನನಗೆ ಎಲ್ಲವೂ ಅರ್ಥವಾಯಿತು. ಆತನಿಗೆ ಏನೂ ಅರ್ಥವಾಗಲಿಲ್ಲ.

"ನೀವು ಅವರಿಗೆ ಏನಾಗ್ಬೇಕು?"

"ಭಾಮೈದ."

"ಮನೆ ಅವರ ಹೆಸರಲ್ಲಿದೆಯಾ?"

"ಇಲ್ಲ, ಅಮ್ಮನ ಹೆಸರಲ್ಲಿ."

ಭಾವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರ ಸಿಟ್ಟು ನೆತ್ತಿಗೇರಿತ್ತು. "ಎಲ್ಲಯ್ಯ ಅವನು? ಬೆಳಗಿಂದ ಕಾಯ್ತಿದೀನಿ. ಅವನು ಬಂದು ನೋಡೋವರೆಗೂ ನೀರು ಒರೆಸಬೇಡ ಅಂತ ನಿಮ್ಮಕ್ಕಂಗೆ ಹೇಳಿದೀನಿ. ಅವಳು ಮಂಚದ ಮೇಲೆ ಕಾಲು ಮಡಚ್ಕೊಂಡು ಕೂತಿದಾಳೆ!" ಹಿಂದಿನಿಂದ ಅಕ್ಕನ ದನಿ: "ಕಾಫಿನೂ ಕುಡಿದಿಲ್ಲ ಕಣೋ!" ಸರ್ವೇಯರ್ ತನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

ಪಾಪ, ಒಳ್ಳೆಯ ಮನುಷ್ಯ. ಕೂರಿಸಿಕೊಂಡು ವಿವರಿಸಿದ. ಜೀವ ವಿಮೆಯಲ್ಲಿ ವಿಳಾಸ ತಪ್ಪಾದರೆ ಕಾಗದ ದಾರಿ ತಪ್ಪುತ್ತದೆ, ಅಷ್ಟೇ. ವಿಮೆಯಾಗಿರುವ ಮನುಷ್ಯ ಎಲ್ಲಿದ್ದರೂ ಅವನೇ. ಆದರೆ ಮನೆಯ ವಿಮೆಯಲ್ಲಿ ವಿಳಾಸವೇ ಸರಕು. ಪಾಲಿಸಿಯಲ್ಲಿ ಬರೆದಿರುವ ಜಾಗದ ಮನೆಗೇ ರಕ್ಷಣೆ. ಅಂದರೆ ಭಾವ ಕಂತು ಕಟ್ಟುತ್ತ ಬಂದಿದ್ದು ನಮ್ಮ ಮನೆಗೆ. ಹಾಗಂತ ನಮ್ಮ ಮನೆ ಬಿದ್ದುಹೋಗಿದ್ದರೂ ಒಂದು ರೂಪಾಯಿ ಬರುತ್ತಿರಲಿಲ್ಲ. ತನ್ನದಲ್ಲದ, ಹಾಳಾದರೆ ತನಗೇನೂ ನಷ್ಟವಿಲ್ಲದ ಸ್ವತ್ತಿಗೆ ಮಾಡಿಸಿದ ವಿಮೆ ಊರ್ಜಿತವಾಗುವುದಿಲ್ಲ. ಹೀಗೆ ಬೆಂಗಳೂರಿನ ಮನೆ ಪಾಲಿಸಿಯಲ್ಲಿರಲಿಲ್ಲ, ಪಾಲಿಸಿಯಲ್ಲಿದ್ದ ಮನೆ ಭಾವನದಾಗಿರಲಿಲ್ಲ.

ಭಾವ ಸುಮ್ಮನಿರಲಿಲ್ಲ. ಕಂಪನಿಗೆ ಖಾರವಾಗಿ ಬರೆದರು. ಕಂಪನಿಯವರು ಅವರ ಮೂಲ ಅರ್ಜಿಯ ಪ್ರತಿಯನ್ನೇ ತೆಗೆದರು. ಪತ್ರವ್ಯವಹಾರದ ವಿಳಾಸ ಎಂಬಲ್ಲಿ ನಮ್ಮ ಮನೆ. ಅದರ ಕೆಳಗೆ, ವಿಮೆ ಮಾಡಿಸುವ ಮನೆ ಇರುವ ಜಾಗ ಎಂಬಲ್ಲಿ, ಅದೇ ಗುಂಡಗಿನ ಅಕ್ಷರದಲ್ಲಿ ಒಂದೇ ಪದ: ಮೇಲಿನಂತೆ. ಕ್ಲೇಮು ತಿರಸ್ಕರಿಸಿದ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಎಲ್ಲಿಗೆ ಎಂದು ಬೇರೆ ಹೇಳಬೇಕಿಲ್ಲ. ಸಹಿ ಹಾಕಿ ತೆಗೆದುಕೊಂಡವನು ನಾನು.

ಅಕ್ಕ ಹಟ ಹಿಡಿದಳು: ಎಲ್ಲದರ ವಿಳಾಸ ಬದಲಾಯಿಸಿ. ಭಾವ ಆರೋಗ್ಯ ವಿಮೆಯಿಂದ ಶುರುಮಾಡಿದರು. ತಿದ್ದುಪಡಿ ಅರ್ಜಿಯಲ್ಲಿ ಮೈಸೂರು ಎಂಬುದನ್ನು ಹೊಡೆದು ಬೆಂಗಳೂರು ಎಂದು ಬರೆದರು. ಬಾಗಿಲು ನಂಬರು, ಕ್ರಾಸು, ಪಿನ್‌ಕೋಡು ಹಾಗೇ ಉಳಿದವು. ಪಿನ್‌ಕೋಡು 1972ರ ಆಗಸ್ಟ್ 15ರಂದು ಜಾರಿಗೆ ಬಂದಿದ್ದೇ ಇಂಥವರಿಗಾಗಿ. ಒಂದೇ ಹೆಸರಿನ ಊರು, ಬಡಾವಣೆಗಳ ಗೊಂದಲ ತಪ್ಪಲಿ ಎಂದು. ಅಂಚೆಯವರು 570 ನೋಡಿದರು, ಪತ್ರ ನಮ್ಮಲ್ಲಿಗೆ ಬಂತು. ಕೊರಿಯರಿನವರು ಊರು ನೋಡಿದರು, ಕಾರ್ಡು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಅದೇ ನಂಬರಿನ ಬೇರೊಂದು ಮನೆಗೆ ಹೋಯಿತು. ಆ ಮನೆಯಾಕೆ ಕಾರ್ಡಿನ ಮೇಲಿದ್ದ ನಂಬರಿಗೆ ಫೋನು ಮಾಡಿ, "ಇದು ನಿಮ್ಮದೇನಾ?" ಎಂದು ಕೇಳಿದರಂತೆ. ಭಾವ ಈಗ ಆ ಮನೆಯವರಿಗೂ ಸ್ನೇಹಿತರು. ಯುಗಾದಿಗೆ ಹೋಳಿಗೆ ಕೊಟ್ಟುಬಂದರು. ಅವರ ಲಕೋಟೆಗಳಿಗೆ ಇನ್ನೊಂದು ಮನೆ ಸಿಕ್ಕಿತಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಯಾಕೋ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಒಮ್ಮೆ ಸಿಟ್ಟಿನಲ್ಲೇ ಕೇಳಿದೆ: "ಅಲ್ಲ ಭಾವ, ನಿಮಗೆ ನಿಮ್ಮ ಮನೆ ವಿಳಾಸ ಬರೆಯೋಕೆ ಏನು ಕಷ್ಟ?"

ಅವರು ಸಿಂದಗಿಯ ಕತೆ ಹೇಳಿದರು. ಎಂಬತ್ತರ ದಶಕ. ಮದುವೆಯಾದ ಹೊಸತು. ಕಂತಿನ ನೋಟೀಸು ಸಿಂದಗಿಗೆ ಬರುವಷ್ಟರಲ್ಲಿ ಬ್ಯಾಡಗಿಗೆ ವರ್ಗವಾಗಿತ್ತು. ಬ್ಯಾಡಗಿಗೆ ಬರುವಷ್ಟರಲ್ಲಿ ಮನೆ ಬದಲಾಗಿತ್ತು. ತಪ್ಪು ಯಾರದೂ ಅಲ್ಲ, ಕಾಗದಕ್ಕಿಂತ ಭಾವ ಒಂದು ಊರು ಮುಂದಿರುತ್ತಿದ್ದರು. ಪಾಲಿಸಿ ಲ್ಯಾಪ್ಸಾಯಿತು. ಬಡ್ಡಿ ಕಟ್ಟಿ, ಆರೋಗ್ಯ ಸರಿಯಾಗಿದೆ ಎಂದು ಬರೆದುಕೊಟ್ಟು ಮತ್ತೆ ಚಾಲ್ತಿಗೆ ತರಬೇಕಾಯಿತು. ಆಗ ಅಪ್ಪ ಹೇಳಿದರಂತೆ: "ನಿಮ್ಮ ಕಾಗದಗಳೆಲ್ಲ ಇಲ್ಲಿಗೇ ಬರಲಿ. ನಾವೆಲ್ಲಿ ಹೋಗ್ತೀವಿ?" ಅಲ್ಲಿಂದಾಚೆಗೆ ಪ್ರತಿ ನೋಟೀಸನ್ನೂ ಅಪ್ಪ ಬೇರೆ ಲಕೋಟೆಗೆ ಹಾಕಿ ಭಾವ ಇರುವ ಊರಿಗೆ ಕಳಿಸುತ್ತಿದ್ದರು. ಜೊತೆಗೊಂದು ಚೀಟಿ. ಹಿತ್ತಲ ಮಾವು ಹೂಬಿಟ್ಟಿದೆ, ಅಮ್ಮನ ಮಂಡಿನೋವು ಪರವಾಗಿಲ್ಲ, ತಮ್ಮ ಗಣಿತದಲ್ಲಿ ಮತ್ತೆ ಗೋತಾ. ತಮ್ಮ ಎಂದರೆ ನಾನು. ಚೀಟಿ ಅಕ್ಕನಿಗೆ, ನೋಟೀಸು ಭಾವನಿಗೆ. ಮೂರು ತಿಂಗಳಿಗೊಮ್ಮೆ ಕಂತು ಕಟ್ಟುವ ಪದ್ಧತಿಯನ್ನು ಭಾವ ಆರಿಸಿಕೊಂಡಿದ್ದೇ ಅಕ್ಕನ ಒತ್ತಾಯಕ್ಕೆ. ವರ್ಷಕ್ಕೊಂದಾದರೆ ಚೀಟಿಯೂ ಒಂದೇ ಬರುತ್ತಿತ್ತಲ್ಲ!

ಇದನ್ನು ಕೇಳಿದ ಮೇಲೆ ಬೈಯುವುದು ಹೇಗೆ? ಆದರೂ ಬೈಯಬೇಕು. ಅಪ್ಪ ಇಲ್ಲ. ನಾನು ಚೀಟಿ ಬರೆಯುವವನಲ್ಲ, ಲಕೋಟೆಯ ಫೋಟೋ ಹಿಡಿದು ವಾಟ್ಸ್ಯಾಪಿಗೆ ಹಾಕುವವನು. ನಾಳೆ ನಾನೂ ಊರಲ್ಲಿಲ್ಲದಿದ್ದರೆ? ಯಾವ ಮನೆಯಲ್ಲೂ ಆಗಬಹುದಾದ್ದು ಇದು: ಪಾಲಿಸಿ ಮಾಡಿಸಿದವರು ಹೋಗಿರುತ್ತಾರೆ, ಕಾಗದ ಬೇರೆಲ್ಲೋ ಬೀಳುತ್ತಿರುತ್ತದೆ, ಹಣ ಪಡೆಯಬೇಕಾದವರಿಗೆ ಪಾಲಿಸಿ ಇದೆಯೆಂದೇ ಗೊತ್ತಿರುವುದಿಲ್ಲ. ಹತ್ತು ವರ್ಷ ಯಾರೂ ಕೇಳದೆ ಉಳಿದ ವಿಮೆಯ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಇದನ್ನೆಲ್ಲ ಭಾವನಿಗೆ ಗಂಭೀರವಾಗಿ ವಿವರಿಸಿದೆ. ಅವರು ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡು, "ನಾನೂ ಹಿರಿಯ ನಾಗರಿಕನೇ ಅಲ್ವೇನಯ್ಯ? ಹೋದ್ರೂ ನಮಗೇ ಬರತ್ತೆ ಬಿಡು" ಎಂದರು.

2024ರ ಏಪ್ರಿಲ್‌ನಿಂದ ಹೊಸ ಪಾಲಿಸಿಗಳನ್ನು ಕಂಪನಿಗಳು ಎಲೆಕ್ಟ್ರಾನಿಕ್ ರೂಪದಲ್ಲೇ ಕೊಡಬೇಕೆಂಬ ನಿಯಮ ಬಂತು. ಪತ್ರಿಕೆಯಲ್ಲಿ ಓದಿ ನನಗೆ ಸ್ವಾತಂತ್ರ್ಯವೇ ಬಂದಂತಾಯಿತು. ಕಾಗದವೇ ಇಲ್ಲದ ಮೇಲೆ ವಿಳಾಸದ ಗೊಡವೆ ಎಲ್ಲಿಯದು? ಭಾವನೂ ಆ ಮಾರ್ಚ್ ಕಳೆದ ಮೇಲೆ, ಯಾರೋ ಬಿಸಿಲಲ್ಲಿ ಬಂದ ಹುಡುಗನಿಗಾಗಿ, ಮನೆಗೆ ಹೊಸ ಪಾಲಿಸಿ ಮಾಡಿಸಿದರು. ಈ ಸಲ ಅಕ್ಕ ಪಕ್ಕದಲ್ಲೇ ಕೂತು, ಮನೆ ಇರುವ ಜಾಗದಲ್ಲಿ ಬೆಂಗಳೂರಿನ ವಿಳಾಸವನ್ನು ಪಿನ್‌ಕೋಡು ಸಮೇತ ಬರೆಸಿದಳು. ಕೆಲವು ದಿನಗಳ ಮೇಲೆ ನನ್ನ ಇ-ಮೇಲಿಗೆ ಒಂದು ಪಾಲಿಸಿ ಬಂದು ಬಿತ್ತು. ಮಾನ್ಯ ಗ್ರಾಹಕರೇ ಎಂಬುದರ ಮುಂದೆ ಭಾವನ ಹೆಸರು. ಅದನ್ನು ತೆರೆಯಲು ಪಾಸ್‌ವರ್ಡ್: ಅವರ ಜನ್ಮದಿನಾಂಕ.

ಫೋನು ಮಾಡಿದೆ. ಅಕ್ಕ ಎತ್ತಿಕೊಂಡಳು. "ಇ-ಮೇಲ್ ಜಾಗದಲ್ಲಿ ಯಾರದ್ದು ಕೊಟ್ರಿ?" ಎಂದೆ.

"ನಿಂದೇ ಕಣೋ, ನಾನೇ ಹೇಳಿ ಬರೆಸಿದೆ. ವರ್ಷಕ್ಕೊಂದ್ಸಲ ನಿಮ್ಮ ಭಾವನ ಹುಟ್ಟಿದ ದಿನ ನೆನಪು ಮಾಡ್ಕೊಳ್ಳೋಕೆ ನಿನಗೇನು ಕಷ್ಟ?"