ಪಿಪಿಒ ನಂಬರಿಲ್ಲದ ನಿವೃತ್ತ

ನಲವತ್ತಮೂರಕ್ಕೇ ರಿಟೈರಾಗುತ್ತೇನೆಂದು ನಾನು ಮನೆಯಲ್ಲಿ ಘೋಷಿಸಿದಾಗ ಒಲೆಯ ಮೇಲೆ ಹಾಲಿತ್ತು. ಹೆಂಡತಿ ಅದು ಉಕ್ಕದಂತೆ ನೋಡಿಕೊಂಡು, ಸ್ಟವ್ ಆರಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ಆಫೀಸಲ್ಲಿ ಏನಾದ್ರೂ ಆಯ್ತೇನ್ರೀ?"

"ಏನೂ ಆಗಿಲ್ಲ. ಇದಕ್ಕೆ ಫೈರ್ ಅಂತಾರೆ" ಎಂದೆ. ಅದೇ ತಪ್ಪಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಸಂಸಾರಗಳಲ್ಲಿ ಆ ಪದಕ್ಕಿರುವುದು ಒಂದೇ ಅರ್ಥ. ಅದು ಫೈನಾನ್ಷಿಯಲ್ ಇಂಡಿಪೆಂಡೆನ್ಸ್, ರಿಟೈರ್ ಅರ್ಲಿ ಎಂಬುದರ ಮೊದಲಕ್ಷರಗಳು ಕಣೇ, ಕಂಪನಿಯವರು ನನ್ನನ್ನು ತೆಗೆಯುತ್ತಿಲ್ಲ, ನಾನೇ ಕಂಪನಿಯನ್ನು ತೆಗೆಯುತ್ತಿದ್ದೇನೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವಳು ತಮ್ಮನಿಗೆ ಫೋನ್ ಹಚ್ಚಿಯಾಗಿತ್ತು.

ಲೆಕ್ಕ ಬಹಳ ಸುಲಭ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ ಒಂದು ಸೂತ್ರ ಕಂಡುಹಿಡಿದ. ಕೂಡಿಟ್ಟ ಗಂಟಿನಿಂದ ಮೊದಲ ವರ್ಷ ನೂರಕ್ಕೆ ನಾಲ್ಕು ತೆಗೆಯಬೇಕು, ಮುಂದೆ ಬೆಲೆ ಏರಿದಷ್ಟನ್ನೇ ಅದಕ್ಕೆ ಸೇರಿಸಿ ತೆಗೆಯುತ್ತ ಹೋಗಬೇಕು. ಹಾಗೆ ಮಾಡಿದರೆ ಮೂವತ್ತು ವರ್ಷ ಗಂಟು ಬರಿದಾಗದು. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರೂ ಲೆಕ್ಕ ಹಾಕಿ, ಹೆಚ್ಚುಕಮ್ಮಿ ಹೌದು ಎಂದರು. ಅಂದರೆ ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಕೈಯಲ್ಲಿದ್ದರೆ ಸಾಕು. ನಮ್ಮ ಮನೆಯ ಖರ್ಚು ತಿಂಗಳಿಗೆ 80,000. ವರ್ಷಕ್ಕೆ 9,60,000. ಇಪ್ಪತ್ತೈದರಿಂದ ಗುಣಿಸಿದರೆ 2.4 ಕೋಟಿ. ಅವರು ಹಿಡಿದದ್ದು ಅಮೆರಿಕದ ಷೇರು, ಅಮೆರಿಕದ ಬಾಂಡು, ಅಮೆರಿಕದ ಬೆಲೆಯೇರಿಕೆ ಎಂಬುದನ್ನು ಆ ಉತ್ಸಾಹದಲ್ಲಿ ಯಾರು ನೋಡುತ್ತಾರೆ?

ಈ ಇಪ್ಪತ್ತೈದು ಒಮ್ಮೆ ತಲೆಗೆ ಹೊಕ್ಕರೆ ಮನುಷ್ಯ ಕೆಟ್ಟ ಹಾಗೆಯೇ. ದರ್ಶಿನಿಯಲ್ಲಿ ದಿನಕ್ಕೊಂದು ಇಪ್ಪತ್ತು ರೂಪಾಯಿಯ ಕಾಫಿ ಕುಡಿಯುತ್ತಿದ್ದೆ. ವರ್ಷಕ್ಕೆ 7,300 ಆಯಿತು, ಇಪ್ಪತ್ತೈದರಿಂದ ಗುಣಿಸಿದರೆ 1,82,500. ಲೋಟ ಕೈಯಲ್ಲಿ ನಡುಗಿತು. ಮರುದಿನದಿಂದ ಸಹೋದ್ಯೋಗಿಯೊಬ್ಬನ ಜೊತೆ ಬೈಟು ಶುರು ಮಾಡಿದೆ, 91,250 ಉಳಿಯಿತಲ್ಲ! ಅವನು ಇದನ್ನು ಸ್ನೇಹವೆಂದೇ ತಿಳಿದಿದ್ದ. ಒಂದು ದಿನ ನನ್ನ ಎಕ್ಸೆಲ್ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಆ ಅಂಕಿ ಕಂಡ ಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟ.

ಎಕ್ಸೆಲ್ ಹಾಳೆಯ ಕೊನೆಯ ಸಾಲಿನ ಹೆಸರು 'ಇತರೆ'. ದಿನಸಿ, ಸ್ಕೂಲ್ ಫೀಸು, ಕರೆಂಟು ಎಲ್ಲವೂ ಹದ್ದುಬಸ್ತಿನಲ್ಲಿದ್ದವು, ಇದೊಂದು ಬಿಟ್ಟು. ಗೃಹಪ್ರವೇಶ, ನಾಮಕರಣ, ಮದುವೆಗಳ ಮುಯ್ಯಿ ಇದರೊಳಗೆ. ಗಣಪತಿ ಚಂದಾ ಇದರೊಳಗೆ. ಭಾವಮೈದುನ 'ಮುಂದಿನ ತಿಂಗಳು ಕೊಟ್ಬಿಡ್ತೀನಿ ಭಾವ' ಎಂದು ಒಯ್ದದ್ದೂ ಇದರೊಳಗೇ. ವೈಶಾಖ ಬಂದರೆ ನಮ್ಮ 'ಇತರೆ' ಉಳಿದೆಲ್ಲ ಸಾಲುಗಳನ್ನೂ ನುಂಗುತ್ತದೆ. ಟ್ರಿನಿಟಿಯ ಪ್ರಾಧ್ಯಾಪಕರಿಗೆ ಅರಸೀಕೆರೆ ಕಡೆ ಒಬ್ಬ ಸೋದರತ್ತೆ ಇದ್ದಿದ್ದರೆ ನಾಲ್ಕು ಪರ್ಸೆಂಟು ಎಲ್ಲಿ ನಿಲ್ಲುತ್ತಿತ್ತೋ.

ಧುಮುಕುವ ಮೊದಲು ನೀರಿನ ಆಳ ನೋಡೋಣವೆಂದು ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿದೆ. ನಿವೃತ್ತಿಯ ತಾಲೀಮು.

ಮೊದಲ ವಾರದ ಸುಖವನ್ನು ಹೇಳಲೇಬೇಕು. ಸೋಮವಾರ ಬೆಳಿಗ್ಗೆ ಕಾವಲಿಯಿಂದ ನೇರ ತಟ್ಟೆಗೆ ಬಿದ್ದ ಅಕ್ಕಿರೊಟ್ಟಿ, ಮೇಲೆ ಕರಗುತ್ತಿರುವ ಬೆಣ್ಣೆ. ಹದಿನೆಂಟು ವರ್ಷ ನಾನು ಅಕ್ಕಿರೊಟ್ಟಿ ತಿಂದದ್ದು ಡಬ್ಬಿಯಲ್ಲಿ, ಮಧ್ಯಾಹ್ನ ಒಂದಕ್ಕೆ, ಅದು ಚಪ್ಪಲಿಯಾದ ಮೇಲೆ. ಹನ್ನೊಂದು ಗಂಟೆಯ ಬಿಎಂಟಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆಂಬುದು ಈ ವಯಸ್ಸಿನಲ್ಲಿ ಗೊತ್ತಾಯಿತು. ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗ್ ಎಸೆದು, ಆ ದಿನದ ಜಗಳವನ್ನೆಲ್ಲ ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮುಗಿಸುತ್ತಾಳೆ. ರಾತ್ರಿ ಎಂಟಕ್ಕೆ ಮನೆ ಸೇರುತ್ತಿದ್ದ ನನಗೆ ಅದರಲ್ಲಿ ಉಳಿಯುತ್ತಿದ್ದದ್ದು 'ಏನಿಲ್ಲಪ್ಪಾ' ಎಂಬುದು ಮಾತ್ರ. ಇದಕ್ಕೆ ಎಷ್ಟು ಕೋಟಿ ಬೇಕೆಂದು ಬೆಂಗೆನ್ ಹೇಳಿಲ್ಲ.

ಎರಡನೇ ವಾರ ಅಪಾರ್ಟ್‌ಮೆಂಟಿನವರಿಗೆ ಸುದ್ದಿ ಮುಟ್ಟಿತು. "ನೀವು ಹೇಗೂ ಫ್ರೀ ಅಲ್ವಾ ಸಾರ್" ಎಂದು ನಾಲ್ಕು ಜನ ಬಂದು ನಿಂತರು. ಅವರು ಹೋಗುವಾಗ ನಾನು ಸಂಘದ ಕಾರ್ಯದರ್ಶಿ. ಬೋರ್‌ವೆಲ್ ಬತ್ತಿತ್ತು. ಆರು ಸಾವಿರ ಲೀಟರಿನ ಟ್ಯಾಂಕರ್ ಯಾವಾಗ ಬರುತ್ತದೆ, ನಿಜಕ್ಕೂ ಆರು ಸಾವಿರವೇ ಇದೆಯೇ, ಮೂರನೇ ಮಹಡಿಯವರು ಕಾರು ತೊಳೆದರೇ ಎಂಬುದೇ ನನ್ನ ಉದ್ಯೋಗವಾಯಿತು. ಬೆಳಿಗ್ಗೆ ಐದೂವರೆಗೆ ಫೋನು. ಸಂಬಳವಿಲ್ಲ, ಶನಿವಾರವಿಲ್ಲ, ರಾಜೀನಾಮೆ ಕೊಡೋಣವೆಂದರೆ ತೆಗೆದುಕೊಳ್ಳುವವರೇ ಇಲ್ಲ.

ತಪ್ಪಿಸಿಕೊಳ್ಳಲು ಉತ್ತರಹಳ್ಳಿಯಿಂದ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಹೋಗುತ್ತಿದ್ದೆ. ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗ ಎನ್ನುತ್ತಿದ್ದ ಕಾಲದ ಕೊನೆಯ ನಾಗರಿಕರು ಅಲ್ಲಿದ್ದಾರೆ. ಬ್ಯಾಂಕಿನವರದು ಒಂದು ಬೆಂಚು, ಎಚ್‌ಎಎಲ್‌ನವರದು ಒಂದು, ಕೆಇಬಿಯವರದು ನೆರಳಿರುವುದು. ನಾನು ಬ್ಯಾಂಕಿನ ಬೆಂಚಿನ ತುದಿಯಲ್ಲಿ ಕೂತೆ.

"ಯಾವ ಡಿಪಾರ್ಟ್‌ಮೆಂಟು? ವಿಆರ್‌ಎಸ್ಸೋ?" ಎಂದು ಒಬ್ಬರು ವಿಚಾರಿಸಿದರು. ವಿವರಿಸಿದೆ. ಅವರು ನಕ್ಕರು. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳು ನಲವತ್ತು ದಾಟಿದವರಿಗೂ ಹದಿನೈದು ವರ್ಷ ಸರ್ವಿಸ್ ಆದವರಿಗೂ ಸ್ವಯಂ ನಿವೃತ್ತಿ ಕೊಟ್ಟಾಗ ಅವರೂ ಇಡಿಗಂಟು ತೆಗೆದುಕೊಂಡು ಹೊರಬಿದ್ದವರಂತೆ. ಮೊದಲ ವರ್ಷ ಕಾಶಿ ಯಾತ್ರೆ, ಎರಡನೇ ವರ್ಷ ಸೈಟು. ಮೂರನೇ ವರ್ಷ ಒಂದು ಸೊಸೈಟಿಯಲ್ಲಿ ಕಾಲುಭಾಗ ಸಂಬಳಕ್ಕೆ ಲೆಕ್ಕ ಬರೆಯಲು ಸೇರಿಕೊಂಡರು.

"ದುಡ್ಡು ಸಾಲದೇ ಹೋಯ್ತಾ ಸಾರ್?"

"ದುಡ್ಡಿತ್ತು ಕಣ್ರೀ. ಮನೇಲಿ ಹನ್ನೊಂದು ಗಂಟೆಗೆ ಎರಡನೇ ಕಾಫಿ ಕೇಳೋ ಧೈರ್ಯ ಇರಲಿಲ್ಲ."

ಅದೇ ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ಹೋಗುತ್ತಿದ್ದ ಮಾಸ್ತಿಯವರ ನೆನಪಾಯಿತು. ತಮಗಿಂತ ಕಿರಿಯನಿಗೆ ಬಡ್ತಿ ಕೊಟ್ಟರೆಂದು 1943ರಲ್ಲಿ, ಐವತ್ತೆರಡರ ಆಸುಪಾಸಿನಲ್ಲಿ, ಮೈಸೂರು ಸರ್ಕಾರದ ದೊಡ್ಡ ಹುದ್ದೆಗೆ ರಾಜೀನಾಮೆ ಕೊಟ್ಟು ಮನೆಗೆ ಬಂದವರು. 'ಚಿಕವೀರ ರಾಜೇಂದ್ರ' ಬಂದದ್ದು ಆಮೇಲೆ, 1956ರಲ್ಲಿ. ನಾನೂ ಬಿಡುವಾದಾಗ ಕಾದಂಬರಿ ಬರೆಯುವವನಿದ್ದೆ. ಮೂರು ತಿಂಗಳಲ್ಲಿ ನನ್ನ ಒಟ್ಟು ಸಾಹಿತ್ಯ ಕೃಷಿ ಎಂದರೆ ಲಿಫ್ಟಿನಲ್ಲಿ ಅಂಟಿಸಿದ, ಹಸಿ ಕಸ ಒಣ ಕಸ ಬೇರೆಮಾಡುವ ಕುರಿತ ಪ್ರಕಟಣೆ. ಅದಕ್ಕೂ ಯಾರೋ ಕಾಗುಣಿತ ತಿದ್ದಿದ್ದರು.

ಒಮ್ಮೆ ಬ್ಯಾಂಕಿನಲ್ಲಿ ಅರ್ಜಿ ತುಂಬುವಾಗ ಉದ್ಯೋಗದ ಜಾಗದಲ್ಲಿ 'ನಿವೃತ್ತ' ಎಂದು ಹೆಮ್ಮೆಯಿಂದ ಗುರುತು ಹಾಕಿದೆ. ಕೌಂಟರಿನ ಹುಡುಗಿ ನನ್ನ ಕಪ್ಪು ಕೂದಲು ನೋಡಿದಳು, ಅರ್ಜಿ ನೋಡಿದಳು. "ಪಿಪಿಒ ನಂಬರ್ ಹೇಳಿ ಸಾರ್." ಪೆನ್ಷನ್ ಮಂಜೂರಾತಿಯ ಆ ನಂಬರು ನನ್ನಲ್ಲೆಲ್ಲಿಂದ ಬರಬೇಕು? "ಹಾಗಾದ್ರೆ 'ಉದ್ಯೋಗವಿಲ್ಲ' ಅಂತ ಹಾಕಲಾ?" ಹಿಂದಿನ ಸಾಲಿನವರು ಮರುಕದಿಂದ ದಾರಿ ಬಿಟ್ಟರು.

ಪಿಪಿಒ ನಂಬರು ಇರುವುದು ನಮ್ಮಪ್ಪನಿಗೆ. ಹೈಸ್ಕೂಲು ಮೇಷ್ಟ್ರಾಗಿದ್ದವರು, ಹಳೇ ಪೆನ್ಷನ್ನು. ಸರ್ಕಾರ ತುಟ್ಟಿಭತ್ಯೆ ಏರಿಸಿದಾಗಲೆಲ್ಲ ಅರಸೀಕೆರೆಯಿಂದ ಫೋನ್ ಮಾಡಿ "ಡಿಎ ಬಂತು ಕಣೋ" ಎನ್ನುತ್ತಾರೆ. ನನ್ನ ಗಂಟಿಗೆ ಡಿಎ ಕೊಡುವವರಾರು? ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೂ ಹನ್ನೆರಡು ವರ್ಷಕ್ಕೆ ಖರ್ಚು ಎರಡು ಪಟ್ಟಾಗುತ್ತದೆ. ನನಗೆ ಅರವತ್ತೇಳಾದಾಗ ಇದೇ ಅನ್ನ ಸಾರಿಗೆ ತಿಂಗಳಿಗೆ 3,20,000. ರಿಟೈರಾಗುತ್ತೇನೆಂದು ಅಪ್ಪನಿಗೆ ಹೇಳಿದ್ದಕ್ಕೆ ಅವರು ಕೇಳಿದ್ದು ಇಷ್ಟೇ: "ಮೂವತ್ಮೂರು ವರ್ಷ ಸರ್ವಿಸ್ ಆಯ್ತೇನೋ?"

ರಜೆ ಮುಗಿದು ಆಫೀಸಿಗೆ ಹಿಂದಿರುಗಿದೆ. ಮನೆಯಲ್ಲಿ ಯಾರೂ ತಡೆಯಲಿಲ್ಲ. ಹೆಂಡತಿ ಡಬ್ಬಿಗೆ ಅಕ್ಕಿರೊಟ್ಟಿ ಹಾಕಿ, ಹಿಂದೆಂದೂ ಇಲ್ಲದ ಉತ್ಸಾಹದಿಂದ ಬಾಗಿಲ ತನಕ ಬಂದು ಬೀಳ್ಕೊಟ್ಟಳು. ಬೈಟು ಗೆಳೆಯ ಮಾತಾಡಿಸಿದ, ಫುಲ್ ಕಾಫಿ ಕೊಡಿಸಿ ರಾಜಿಯಾದೆ. ಎಕ್ಸೆಲ್ ಹಾಳೆ ಈಗಲೂ ಇದೆ, ಗಂಟು ಅರ್ಧ ದಾರಿಯಲ್ಲಿದೆ.

ಮೊದಲ ದಿನವೇ ದೊಡ್ಡ ಮೀಟಿಂಗು. ಮೊದಲಾಗಿದ್ದರೆ ಮ್ಯಾನೇಜರ್ ಬಾಯಿ ತೆರೆದರೆ ನನ್ನ ಬಾಯಿ ಒಣಗುತ್ತಿತ್ತು. ಅವರು ನನ್ನತ್ತ ಬೆರಳು ತೋರಿಸಿ "ಈ ಡಿಲೇಗೆ ಯಾರು ಹೊಣೆ?" ಎನ್ನುವಾಗಲೇ ನನ್ನ ಫೋನು ಹೊಡೆದುಕೊಂಡಿತು. ಟ್ಯಾಂಕರಿನವನು.

"ಒಂದು ನಿಮಿಷ ಇರಿ ಸಾರ್, ಇವನು ಸಿಗೋದೇ ಕಷ್ಟ" ಎಂದು ಎದ್ದು ಹೊರಗೆ ಹೋದೆ.