ಝಾಲೆಯ ಜಂಜಾಟ

ಉತ್ತರಾಭಾದ್ರಾ ನಕ್ಷತ್ರದ ಮೂರನೆಯ ಪಾದದಲ್ಲಿ ಹುಟ್ಟಿದವರ ಪಾಡು ಹೆತ್ತವರಿಗೇ ಗೊತ್ತು. ಬೇರೆಯವರಿಗೆಲ್ಲ ರ, ಮ, ಸ ಎಂದು ಒಳ್ಳೊಳ್ಳೆಯ ಅಕ್ಷರಗಳನ್ನು ಧಾರಾಳವಾಗಿ ಹಂಚಿದ ಪಂಚಾಂಗ, ಇವರ ಪಾಲಿಗೆ 'ಝ' ಇಟ್ಟಿದೆ. ಝ ಎಂದರೆ ಝರಿ, ಝೇಂಕಾರ, ಝಳ. ಝಾನ್ಸಿ ಎನ್ನೋಣವೆಂದರೆ ಅದು ಊರಿನ ಹೆಸರು. ರಾಣಿಯ ಹೆಸರು ಲಕ್ಷ್ಮೀಬಾಯಿ, ಅದಕ್ಕೆ ಬೇರೆ ನಕ್ಷತ್ರವೇ ಆಗಬೇಕು. ಅನುಭವಸ್ಥ ಪುರೋಹಿತರು ಇಂಥ ಹೊತ್ತಿನಲ್ಲಿ ಗಂಟಲು ಸರಿಮಾಡಿಕೊಂಡು, 'ಝ ಇಲ್ಲದಿದ್ದರೆ ಜ ಕೂಡ ನಡೆಯುತ್ತೆ' ಎಂದು ಒಂದೇ ಏಟಿಗೆ ಮಹಾಪ್ರಾಣವನ್ನು ತೆಗೆದುಬಿಡುತ್ತಾರೆ.

ನನ್ನ ಅಕ್ಕನ ಮೊಮ್ಮಗಳು ಹುಟ್ಟಿದ್ದು ಸರಿಯಾಗಿ ಇದೇ ಪಾದದಲ್ಲಿ. ಪುರೋಹಿತರ ರಿಯಾಯಿತಿ ಸಿಕ್ಕಿದ್ದೇ ತಡ, ಅಕ್ಕ ಜಯಂತಿ, ಜಾನಕಿ, ಜಾಹ್ನವಿ ಎಂದು ಪಟ್ಟಿ ಶುರು ಮಾಡಿದಳು. ಅದುವರೆಗೆ ಮೂಲೆಯ ಕುರ್ಚಿಯಲ್ಲಿ ಡಯಾಪರ್ ಪೊಟ್ಟಣದ ಮೇಲಿನ ಸೂಚನೆಗಳನ್ನು ಓದುತ್ತಿದ್ದ ಅಳಿಯ ತಲೆಯೆತ್ತಿ, ಝಕ್ಕೇನು ಬರವೇ ಎನ್ನುವ ಧಾಟಿಯಲ್ಲಿ, 'ಝಾಲೆ, ಝೀಲಾ, ಝೀನೂಸ್' ಎಂದ. ಗಂಡಾಗಿದ್ದರೆ ಝೂಬಿನ್ ಕೂಡ ಇತ್ತಂತೆ. ಪುರೋಹಿತರು ಪಂಚಾಂಗ ಮುಚ್ಚಿ ಅವನನ್ನು ಹೊಸ ಗೌರವದಿಂದ ನೋಡಿದರು.

ಅಳಿಯ ಶಿರಾಜ್‌ನವನು. ಮಾನಸಗಂಗೋತ್ರಿಯಲ್ಲಿ ಓದಲೆಂದು ಇರಾನಿನಿಂದ ಹುಡುಗರು ಗುಂಪುಗುಂಪಾಗಿ ಬಂದು ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಿದ್ದ ಕಾಲವೊಂದಿತ್ತಲ್ಲ, ಆಗ ಬಂದವನು. ಜೊತೆಯವರು ಪದವಿ ತೆಗೆದುಕೊಂಡು ಹೋದರು. ಇವನು ನನ್ನ ಸೋದರಸೊಸೆಯ ದೆಸೆಯಿಂದ ಉಳಿದ. ಶಿರಾಜ್‌ನಿಂದ ಬಂದು ಈ ನೆಲಕ್ಕೆ ಅಂಟಿಕೊಂಡವರಲ್ಲಿ ಇವನೇನೂ ಮೊದಲಿಗನಲ್ಲ. 1824ರಲ್ಲಿ ಆಗಾ ಅಲಿ ಅಸ್ಕರ್ ಅಲ್ಲಿಂದ ಬೆಂಗಳೂರಿಗೆ ಬಂದದ್ದು ಕುದುರೆ ಮಾರಲಿಕ್ಕೆ. ಕುದುರೆಗಳು ಹೋದವು, ವ್ಯಾಪಾರಿ ಉಳಿದರು. ಅವರ ಮೊಮ್ಮಗನೇ ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಅಜ್ಜನ ಹೆಸರಿನ ರಸ್ತೆ ಇವತ್ತಿಗೂ ಬೆಂಗಳೂರಿನಲ್ಲಿದೆ. ನನಗೆ ಸಿಕ್ಕಿದ ಆಟೋದವರಂತೂ ಅದನ್ನು 'ಆಸ್ಕರ್ ರೋಡ್' ಎನ್ನುತ್ತಾರೆ, ಯಾರೋ ಸಿನಿಮಾದಲ್ಲಿ ಗೆದ್ದು ತಂದಿಟ್ಟ ಹಾಗೆ.

ನಿಜ ಹೇಳಬೇಕೆಂದರೆ ಹೆಸರಿನ ಯುದ್ಧ ಹೆರಿಗೆಗೆ ಮುಂಚೆಯೇ ಶುರುವಾಗಿತ್ತು. ಅಳಿಯನಿಗೆ ಮೊದಲು ಮನಸ್ಸಿದ್ದದ್ದು 'ಸೆಪಿದೆ' ಎಂಬ ಹೆಸರಿನ ಮೇಲೆ. ಅರುಣೋದಯದ ಬೆಳಕು ಎಂದರ್ಥವಂತೆ. ಊಟಕ್ಕೆ ಕೂತಾಗ ಅವನು ಅದನ್ನು ಬಹಳ ನಾಜೂಕಾಗಿ ಉಚ್ಚರಿಸಿದ. ಒಳಗಿನಿಂದ ಅಕ್ಕ ಉಪ್ಪಿನ ಡಬ್ಬಿ ಹಿಡಿದುಕೊಂಡು ಬಂದಳು. ಸಾರು ಸಪ್ಪಗಿದೆ ಎಂದು ಅಳಿಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲೆಂದು ಅವಳಿಗೆ ಅವಮಾನವೂ ಆಗಿತ್ತು. ಆ ಜಾತಿಯ ಹೆಸರುಗಳೇ ಹಾಗೆ. ಫರೀದೆ, ಹಮೀದೆ, ಸಯೀದೆ ಎಂದು ಯಾವುದನ್ನೇ ಹೇಳಿ, ಕನ್ನಡದ ಕಿವಿ 'ಏನಿದೆ?' ಎಂದು ಎದ್ದು ಕೂರುತ್ತದೆ.

ಎರಡನೆಯದು ಅನಾಹಿತಾ. ಇದಕ್ಕೆ ನಾನೇ ಬೆಂಬಲ ಕೊಟ್ಟಿದ್ದೆ. ಪ್ರಾಚೀನ ಇರಾನಿನ ಜಲದೇವತೆ, ನಿರ್ಮಲೆ; ಕಂಗಾವರ್ ಎಂಬ ಊರಿನಲ್ಲಿರುವ ದೊಡ್ಡ ಕಲ್ಲುಕಂಬಗಳ ಅವಶೇಷವನ್ನು ಅವಳ ಗುಡಿಯೆಂದೇ ಜನ ನಂಬಿಕೊಂಡು ಬಂದಿದ್ದಾರೆ. ನೀರಿನ ದೇವತೆಯೆಂದರೆ ನಮ್ಮ ಕಾವೇರಿಯ ನೆಂಟಳೇ ಆದಳಲ್ಲ ಎಂದು ನಾನು ವಾದ ಕಟ್ಟುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಅವರಿಗೆ ಒಂದು ಕಿವಿ ಸ್ವಲ್ಪ ಮಂದ. ಹೆಸರು ಕೇಳಿದವರೇ, 'ಅಯ್ಯೋ! ಯಾರಿಗೆ ಅನಾಹುತ?' ಎಂದು ಬಾಗಿಲಲ್ಲೇ ನಿಂತುಬಿಟ್ಟರು. ದೇವತೆ ಅಲ್ಲಿಗೆ ವಿಸರ್ಜನೆಯಾದಳು.

ಹಾಗಾಗಿ ಝಾಲೆ ಎದ್ದು ನಿಂತಾಗ ಅಡ್ಡಿಯಿಲ್ಲವೆಂದುಕೊಂಡೆವು. ಎರಡೇ ಅಕ್ಷರ. ಇಬ್ಬನಿ ಎಂಬ ಅರ್ಥ. ನಕ್ಷತ್ರದ ಪ್ರಕಾರವೂ ಸರಿ, ಪುರೋಹಿತರ ಮಹಾಪ್ರಾಣವೂ ಉಳಿಯಿತು. ಆದರೆ ಅಳಿಯ ಅದನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದಾಗ ತೊಡಕು ಗೊತ್ತಾಯಿತು. ಅದು ನಮ್ಮ ಝ ಅಲ್ಲವೇ ಅಲ್ಲ. ಪಾರಸಿಗಳು ಅರಬ್ಬಿಯ 28 ಅಕ್ಷರ ತೆಗೆದುಕೊಂಡು, ಸಾಲದೆಂದು ತಮ್ಮದೇ ನಾಲ್ಕನ್ನು ಸೇರಿಸಿಕೊಂಡರು. ಆ ನಾಲ್ಕರಲ್ಲಿ ಒಂದು ಈ ಮೂರು ಚುಕ್ಕಿಯ ಅಕ್ಷರ. ಜ ಅಲ್ಲ, ಶ ಅಲ್ಲ, ಎರಡರ ನಡುವೆ ನಾಲಿಗೆಯನ್ನು ತೇಲಿಬಿಟ್ಟು ಹೊರಡಿಸಬೇಕಾದ ಸದ್ದು. 'ಪೆಝೋ ಕಾರು ಅಂತೀವಲ್ಲ, ಆ ಝ' ಎಂದ ಅಳಿಯ. ಅವರ ಊರಿನಲ್ಲಿ ಬೀದಿಬೀದಿಗೂ ಆ ಕಾರೇ. ನಮ್ಮ ಬೀದಿಯಲ್ಲಿ ಮಾರುತಿ. 'ಟೆಲಿವಿಝನ್‌ನಲ್ಲಿ ಬರುತ್ತಲ್ಲ' ಎಂದಳು ಮಗಳು. ದೂರದರ್ಶನ ಬಂದ ಕಾಲದಿಂದ ನಾವು ನೋಡುತ್ತಿರುವುದು ಟೆಲಿವಿಷನ್ನು. ಅದೂ ಕಷ್ಟವಾಗಿ ಟೀವಿ ಮಾಡಿಕೊಂಡಿದ್ದೇವೆ.

ಮನೆಯವರೆಲ್ಲ ಸರದಿಯಂತೆ ಪ್ರಯತ್ನಿಸಿದರು. ಅಕ್ಕನ ಬಾಯಲ್ಲಿ ಅದು ಜಾಲಿಯಾಯಿತು. ಜಾಲಿಯೆಂದರೆ ಮುಳ್ಳು, ಬಯಲುಸೀಮೆಯಿಂದ ಬಂದ ಭಾವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. 'ಹೆಣ್ಣುಮಗುವಿಗೆ ಜಾಲಿ ಅಂತ ಇಡ್ತಾರೇನೆ?' ಎಂದು ಅವರು ಸಿಡುಕಿದರು. ಕಾಲೇಜಿಗೆ ಹೋಗುವ ನನ್ನ ಮಗ, 'ಜಾಲಿ ಅಂದ್ರೆ ಖುಷಿ ಅಂತಾನೂ ಇದೆ ಮಾವ' ಎಂದು ಉರಿಗೆ ಎಣ್ಣೆ ಸುರಿದ. ಮೇಷ್ಟ್ರು ತಮ್ಮ ಸೇವಾನುಭವವನ್ನು ಹೊರತೆಗೆದರು: ಹಾಜರಿ ಕರೆಯುವವರಿಗೆ ಬಾರದ ಹೆಸರಿಟ್ಟರೆ ಮಗು ದಿನವೂ ಗೈರುಹಾಜರಿ. 'ಬಾಯಿಗೆ ಸುಲಭವಾದ ನಮ್ಮ ಹೆಸರು ಬಿಟ್ಟು ಪಾರಸಿ ಯಾಕೆ?'

ಈ ಮಾತು ಹೇಳುವಾಗ ಅವರು ಪಿಂಚಣಿಯ ಅರ್ಜಿಗೆಂದು ಸರ್ಕಾರಿ ಕಚೇರಿಗೆ ಹೋಗಿ, ದಾರಿಯಲ್ಲಿ ಬಜಾರಿನಿಂದ ಚಹಾಪುಡಿ ಕೊಂಡು ಬಂದಿದ್ದರು. ಅವರ ಮನೆ ಇರುವುದು ನಜರ್‌ಬಾದಿನಲ್ಲಿ, ಅಂದರೆ ನಮ್ಮ ಪಕ್ಕದಲ್ಲೇ. ಮಗಳ ಮನೆ ಲಾಲ್‌ಬಾಗಿನ ಹತ್ತಿರ. ಪ್ರತಿ ವರ್ಷ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ, ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗ್ ತೋರಿಸಿ, ಒಂದು ಸಲವೂ ತೊದಲದೆ ನಿವೃತ್ತರಾದವರು. ನಾನು ಇದನ್ನೆಲ್ಲ ಎತ್ತಿ ಹೇಳಲಿಲ್ಲ. ಪಕ್ಕದ ಮನೆಯವರ ಹತ್ತಿರ ಹಾಲು ಬಾಕಿ ಇರುತ್ತದೆ.

ಒಮ್ಮತ ಬರುವವರೆಗೆ ಆಸ್ಪತ್ರೆಯ ಫಾರ್ಮಿನಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟೆವು. ನಮ್ಮ ಜನನ ನೋಂದಣಿ ಕಾನೂನು ಈ ವಿಷಯದಲ್ಲಿ ಬಹಳ ಕರುಣಾಮಯಿ. ಮೊದಲು ಮಗುವನ್ನು ನೋಂದಾಯಿಸಿ, ಹೆಸರನ್ನು ಒಂದು ವರ್ಷದೊಳಗೆ ಪುಕ್ಕಟೆ ಸೇರಿಸಬಹುದು. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಎಳೆಯಬಹುದು. ಇದನ್ನು ಕೇಳಿ ಅಳಿಯನಿಗೆ ಫರೀದೂನ್ ನೆನಪಾದ. ಫಿರ್ದೌಸಿ 1010ರ ಸುಮಾರಿಗೆ ಮುಗಿಸಿದ 'ಶಾಹ್‌ನಾಮೆ'ಯಲ್ಲಿ ಬರುವ ರಾಜ. ಮೂವರು ಗಂಡುಮಕ್ಕಳು ಮದುವೆಯ ವಯಸ್ಸಿಗೆ ಬಂದರೂ ಈ ಪುಣ್ಯಾತ್ಮ ಹೆಸರನ್ನೇ ಇಟ್ಟಿರಲಿಲ್ಲ. ಯೆಮನ್ ದೊರೆಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಅವರು ಮರಳುವಾಗ ತಾನೇ ಬೆಂಕಿಯುಗುಳುವ ಘಟಸರ್ಪವಾಗಿ ದಾರಿಗೆ ಅಡ್ಡ ನಿಂತ. ದೊಡ್ಡವನು, ಬುದ್ಧಿ ಇದ್ದವನು ಇದರ ತಂಟೆಗೆ ಹೋಗುವುದಿಲ್ಲ ಎಂದು ಹಿಂದೆ ಸರಿದ: ಅವನಿಗೆ ಸಲ್ಮ್ ಎಂದು ಹೆಸರಾಯಿತು. ನಡುವಿನವನು ಬಿಲ್ಲೆತ್ತಿದ: ತೂರ್. ಕಿರಿಯವನು ಮುಂದೆ ಬಂದು, ನಾವು ಇಂಥವರ ಮಕ್ಕಳು, ದಾರಿ ಬಿಡು ಎಂದ: ಅವನು ಈರಜ್. ಹೆಸರೆಂದರೆ ಅಲ್ಲಿ ಪರೀಕ್ಷೆಯ ಫಲಿತಾಂಶ. ಇಷ್ಟು ನಿಗಾ ವಹಿಸಿದ ತಂದೆ ರಾಜ್ಯವನ್ನು ಪಾಲು ಮಾಡಿದ ಮೇಲೆ ದೊಡ್ಡವರಿಬ್ಬರೂ ಸೇರಿ ಕಿರಿಯವನನ್ನು ಕೊಂದರು. ಕಥೆ ಕೇಳಿದ ಭಾವ, 'ಹೆಸರು ಯಾವಾಗಲಾದರೂ ಇಡಲಿ, ಪಾಲುಪತ್ರ ಮಾತ್ರ ಸರಿಯಾಗಿ ಬರೆಸಬೇಕು' ಎಂದು ತಮ್ಮ ವಕೀಲರಿಗೆ ಫೋನ್ ಮಾಡಿದರು.

ಅತ್ತ ಶಿರಾಜ್‌ನಲ್ಲೂ ಝಾಲೆಗೆ ಆರತಿ ಎತ್ತಲಿಲ್ಲ. ವಿಡಿಯೋ ಕರೆಯಲ್ಲಿ ಬೀಗಿತ್ತಿ ಮುಖ ಹುಳ್ಳಗೆ ಮಾಡಿದರು. ಅದು ತಮ್ಮ ದೊಡ್ಡಮ್ಮಂದಿರ ಕಾಲದ ಹೆಸರಂತೆ. ನಾವು ಈಗ ಮಗುವಿಗೆ ಪದ್ಮಾವತಮ್ಮ ಎಂದಿಟ್ಟರೆ ಹೇಗೋ ಹಾಗೆ. ಅಲ್ಲಿ ಸರ್ಕಾರದ ಕಿರಿಕಿರಿಯೂ ಇದೆ. ಜನನ ದಾಖಲೆ ಕೊಡುವ ಕಚೇರಿ ಒಪ್ಪದ ಹೆಸರು ಇಡುವಂತಿಲ್ಲ. ಧರ್ಮಕ್ಕೆ ಅಪಮಾನವಾಗುವುದು, ಬಿರುದಿನಂತಿರುವುದು, ನಗೆಪಾಟಲಾಗುವುದು, ಗಂಡಿಗೆ ಹೆಣ್ಣಿನದು ಇವೆಲ್ಲಕ್ಕೂ 1976ರ ಕಾನೂನಿನಲ್ಲಿ ತಡೆ. ಝಾಲೆ ಆ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಬೀಗರು ಮಾತ್ರ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ತೆಹರಾನಿನಲ್ಲಿ ಆ ಹೆಸರಿನ ಚೌಕವೊಂದಿತ್ತು. 1978ರ ಸೆಪ್ಟೆಂಬರ್ 8ರಂದು ಅಲ್ಲಿ ನೆರೆದ ಜನರ ಮೇಲೆ ಶಾಹನ ಸೈನ್ಯ ಗುಂಡು ಹಾರಿಸಿತು. ಕ್ರಾಂತಿಯಾದ ಮೇಲೆ ಅದು ಹುತಾತ್ಮರ ಚೌಕವಾಯಿತು. ಆ ತಲೆಮಾರಿನವರಿಗೆ ಝಾಲೆ ಎಂದೊಡನೆ ಇಬ್ಬನಿ ಕಾಣುವುದಿಲ್ಲ. ಆಮೇಲೆ ಅವರೇ, ಝಾಲೆ ಇಸ್ಫಹಾನಿ ಎಂಬ ಒಳ್ಳೆಯ ಕವಯಿತ್ರಿಯೂ ಇದ್ದರು ಎಂದು ಮಾತು ತಿರುಗಿಸಿದರು.

ಇದನ್ನೆಲ್ಲ ಮುಗಿಸಿದವಳು ನನ್ನ ಸೋದರಸೊಸೆ. ಅವಳ ಹೆಸರಿನ ಶುರುವಿನಲ್ಲೇ ಒಂದು ಒತ್ತಕ್ಷರ, ಕೊನೆಯಲ್ಲೊಂದು ಳ. ಇರಾನಿನವರು ಒತ್ತಕ್ಷರದಿಂದ ಮಾತು ಶುರು ಮಾಡಲಾರರು. ಸ್ಕೂಲಿಗೆ ಎಸ್ಕೂಲ್ ಎನ್ನುವ ಜನ. ಪ್ಲಾಸ್ಟಿಕ್ಕು ಅಲ್ಲಿ ಪೆಲಾಸ್ಟಿಕ್. ಳ ಅಂತೂ ಅವರ ನಾಲಿಗೆ ಕಂಡು ಕೇಳರಿಯದ ವ್ಯಾಯಾಮ. ಮದುವೆಯಾದಂದಿನಿಂದ ಅತ್ತೆಯ ಮನೆಯಲ್ಲಿ ಅವಳ ಹೆಸರಿಗೆ ಮುಂದೊಂದು ಎ ಸೇರಿ, ಹಿಂದಿನ ಳ ಕರಗಿ, ಯಾರೋ ಬೇರೆ ಹೆಂಗಸು ಓಡಾಡುತ್ತಿದ್ದಾಳೆ. 'ಆ ಹೆಂಗಸು ಚೆನ್ನಾಗೇ ಇದ್ದಾಳೆ. ಹೋದಾಗಲೆಲ್ಲ ಅವಳಿಗೆ ಬಿಸಿಬಿಸಿ ಊಟ ಹಾಕ್ತಾರೆ. ನನ್ನ ಮಗಳೂ ಎರಡು ಕಡೆ ಇಬ್ಬರಾಗಿರಲಿ' ಎಂದವಳೇ ಫಾರ್ಮ್ ಎಳೆದುಕೊಂಡು ಬರೆದಳು. ಅಳಿಯನೂ ದನಿಗೂಡಿಸಿದ. ಅವರ ಚಕ್ರವರ್ತಿ ಖ್ಷಯಾರ್ಷನನ್ನು ಗ್ರೀಕರು ಕ್ಸರ್ಕ್‌ಸೀಸ್ ಮಾಡಿದರು. ಪಾರ್ಸಿ ಮನೆಯ ಫರ್ರೋಖ್ ಬಲ್ಸಾರಾ ಪಂಚಗನಿಯ ಶಾಲೆಯಲ್ಲಿ ಫ್ರೆಡ್ಡಿಯಾಗಿ, ಮುಂದೆ ಫ್ರೆಡ್ಡಿ ಮರ್ಕ್ಯುರಿ ಆಗಿ ಜಗತ್ತನ್ನೇ ಕುಣಿಸಿದ. ಇಬ್ಬರಿಗೂ ನಷ್ಟವೇನಾಯಿತು? ಕ್ಸರ್ಕ್‌ಸೀಸ್ ಗ್ರೀಕರ ಕೈಯಲ್ಲಿ ಸೋತ ಎಂದು ನನ್ನ ಮಗ ಗೊಣಗಿದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಅವಳು ಓಡಾಡುತ್ತಾಳೆ. ಅಕ್ಕನಿಗೆ ಜಾಲು, ಭಾವನಿಗೆ ಜಾಲಮ್ಮ, ಶಿರಾಜ್‌ನ ಅಜ್ಜಿಗೆ ಝಾಲೆ ಜಾನ್. ಹಾಲಿನವನು 'ಚಾಲೂ ಪಾಪ' ಎನ್ನುತ್ತಾನೆ, ಅವಳ ಸ್ವಭಾವ ನೋಡಿದರೆ ಅದೇ ಹೆಚ್ಚು ಹೊಂದುತ್ತದೆ. ಎಲ್ಲದಕ್ಕೂ ತಿರುಗಿ ನೋಡುತ್ತಾಳೆ, ಯಾವುದಕ್ಕೂ ಬರುವುದಿಲ್ಲ.

ಮೊನ್ನೆ ಮೇಷ್ಟ್ರ ಮೊಮ್ಮಗನ ನಾಮಕರಣ. ತೊಟ್ಟಿಲ ಹಿಂದೆ ಥರ್ಮಾಕೋಲಿನಲ್ಲಿ ಹೆಸರು ಕತ್ತರಿಸಿ ಅಂಟಿಸಿದ್ದರು. ಅಪ್ಪಅಮ್ಮ ಇಬ್ಬರ ಹೆಸರನ್ನೂ ಬೆರೆಸಿ, ಮೇಲೆ ಸಂಖ್ಯಾಶಾಸ್ತ್ರದವರು ಒಂದು ಅಕ್ಷರ ಹೆಚ್ಚಿಗೆ ತುರುಕಿದ ಹೊಚ್ಚ ಹೊಸ ಸಂಸ್ಕೃತ. ಮೂರು ಒತ್ತಕ್ಷರ, ಒಂದು ಋ, ಕೊನೆಯಲ್ಲಿ ಅರ್ಧ ಷ. ಶಿರಾಜ್‌ನ ಬೀಗಿತ್ತಿ ಬಂದಿದ್ದರೆ ಎಷ್ಟು ಎ ಬೇಕಾಗುತ್ತಿತ್ತೋ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳಬೇಕಿತ್ತು. ಅವಳು ಮೊದಲನೆಯ ಸಲಕ್ಕೇ ನಡುವೆ ಸಿಕ್ಕಿಕೊಂಡು ಅಣ್ಣನ ಮುಖ ನೋಡಿದಳು. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಏರಿಸಿ, ಒಮ್ಮೆ ಪ್ರಯತ್ನಿಸಿ, ಚೀಟಿಯನ್ನು ನನ್ನ ಕಡೆಗೆ ಚಾಚಿದರು. ನಾನು ಊಟಕ್ಕೆ ಎಲೆ ಹಾಕಿದ್ದಾರೇನೋ ನೋಡಿಕೊಂಡು ಬರುತ್ತೇನೆಂದು ಎದ್ದೆ.